ಶನಿಗ್ರಹದ ದಂಡನಾಯಕನೂ ಅಪ್ಪನ ವಿಮರ್ಶೆಯೂ

ಕೋಲಾರ ಸೀಮೆಯಲ್ಲಿ ಹರಿಕಥೆ ಮಾಡುವವರು, ನಾಟಕ ಆಡಿಸುವವರು ನಮ್ಮ ಅಪ್ಪನಿಗೆ ಹೆದರುತ್ತಿದ್ದ ಕಾಲವೊಂದಿತ್ತು. ಅಪ್ಪ ಮುಳಬಾಗಿಲಿನಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ಹೋಳೂರಿನ ಹತ್ತಿರ ತಾತನ ಕಾಲದ ರಾಗಿ ಹೊಲವಿತ್ತು, ಮನೆಯ ಹಿಂದೆ ಒಂದಿಷ್ಟು ಹಿಪ್ಪುನೇರಳೆ ತೋಟವಿತ್ತು. ಆದರೆ ಅಪ್ಪನ ಜೀವ ಇದ್ದದ್ದು ಬೇರೆ ಎರಡು ಕೆಲಸಗಳಲ್ಲಿ. ಸಂಜೆ ಹೊತ್ತು ಪಡಸಾಲೆಯಲ್ಲಿ ಬೀದಿಯವರನ್ನೆಲ್ಲ ಕೂರಿಸಿಕೊಂಡು ಪುರಾಣ ಓದುವುದು ಒಂದು. ಕೋಲಾರದಿಂದ ಹೊರಡುತ್ತಿದ್ದ ಒಂದು ಪುಟ್ಟ ವಾರಪತ್ರಿಕೆಗೆ ವಿಮರ್ಶೆ ಬರೆಯುವುದು ಇನ್ನೊಂದು. "ದಾಸರ ಕಂಠ ಮಧುರವಾಗಿದೆ. ಕಥೆಯನ್ನೂ ಓದಿಕೊಂಡು ಬಂದಿದ್ದರೆ ಇನ್ನೂ ಮಧುರವಾಗಿರುತ್ತಿತ್ತು" ಎಂದು ಬರೆದರೆ ಆ ದಾಸರು ಮತ್ತೆ ಮುಳಬಾಗಿಲಿಗೆ ಬರುವಾಗ ಕಥೆ ಓದಿಕೊಂಡೇ ಬರಬೇಕು. ಮದುವೆ ಮನೆಯ ಊಟವನ್ನೂ ಅಪ್ಪ ಹೀಗೆಯೇ ವಿಮರ್ಶೆ ಮಾಡುತ್ತಿದ್ದ, ಆದರೆ ಅದನ್ನು ಅಮ್ಮ ಅಚ್ಚಿಗೆ ಹೋಗಲು ಬಿಡುತ್ತಿರಲಿಲ್ಲ.

ಪುರಾಣ ಓದುವುದರಲ್ಲಿ ನಮ್ಮ ಮನೆಗೆ ಒಂದು ಕಟ್ಟಳೆ ಇತ್ತು. ಕಥೆಯನ್ನು ರಣರಂಗದಲ್ಲಿ ನಿಲ್ಲಿಸಿ ಪುಸ್ತಕ ಮುಚ್ಚುವಂತಿಲ್ಲ. ಯುದ್ಧದ ಭಾಗ ಎಷ್ಟೇ ಉದ್ದವಿರಲಿ, ಆ ದಿನದ ಓದು ಮುಗಿಯುವ ಮೊದಲು ವೀರ ಮನೆಗೆ ಬರಬೇಕು, ಕಾಲು ತೊಳೆಯಬೇಕು, ಎಲೆಯ ಮುಂದೆ ಕೂರಬೇಕು. ಸತ್ತ ವೀರನಾದರೆ ಸ್ವರ್ಗದ ಬಾಗಿಲಿನವರೆಗಾದರೂ ಅವನನ್ನು ಕರೆದುಕೊಂಡು ಹೋಗಿ ಬಿಡಬೇಕು. ಪುಸ್ತಕದಲ್ಲಿ ಅಂಥ ಜಾಗ ಸಿಗದಿದ್ದರೆ ಅಪ್ಪ ಮುಂದಿನ ಹಾಳೆಗಳಿಂದ ತಂದು ಸೇರಿಸುತ್ತಿದ್ದ. ಆಮೇಲೆಯೇ ಮಂಗಳ ಹಾಡುವುದು, ಆಮೇಲೆಯೇ ಕಡಲೆಕಾಳಿನ ಪ್ರಸಾದ. ಹಾಗೆ ಮುಗಿಸದೆ ಎದ್ದುಬಿಟ್ಟರೆ ಕೇಳಿದವರ ಮನೆಯಲ್ಲಿ ಯಾರೋ ಒಬ್ಬರು ಹೊರಗೇ ಉಳಿದುಹೋಗುತ್ತಾರೆ ಅನ್ನುವುದು ನಂಬಿಕೆ. ನಾನು ಇದನ್ನೆಲ್ಲ ನಂಬಿದವಳಲ್ಲ. ಆದರೂ ಇವತ್ತಿಗೂ ಮೊಮ್ಮಕ್ಕಳಿಗೆ ಕಥೆ ಹೇಳುತ್ತಾ ನಿದ್ದೆ ಬಂದರೆ ರಾಜಕುಮಾರನಿಗೆ ಒಂದು ಊಟ ಹಾಕಿಯೇ ಕಣ್ಣು ಮುಚ್ಚುವುದು.

ನನಗೆ ಒಬ್ಬನೇ ಅಣ್ಣ. ಮುಳಬಾಗಿಲಿನಿಂದ ಕೋಲಾರಕ್ಕೆ ಹೋಗುವ ಬಸ್ಸಿನಲ್ಲಿ ಕ್ಲೀನರಾಗಿ ಸೇರಿ, ಡ್ರೈವರನ ಪಕ್ಕದಲ್ಲಿ ನೋಡಿ ನೋಡಿಯೇ ಸ್ಟೀರಿಂಗ್ ಹಿಡಿಯಲು ಕಲಿತವನು. ಮೇಷ್ಟ್ರ ಮಗ ಬಸ್ಸಿನ ಹಿಂದೆ ನೇತಾಡಿಕೊಂಡು ಹೋಗುವುದನ್ನು ನೋಡಿ ಅಪ್ಪನಿಗೆ ಮೂಗಿನ ತುದಿಯಲ್ಲಿ ಕೋಪ. ಯುದ್ಧ ಬಂದು, ಲಾರಿ ಓಡಿಸುವವರು ಬೇಕೆಂದು ಮಿಲಿಟರಿಯವರು ಕೋಲಾರಕ್ಕೆ ಬಂದಾಗ ಅಣ್ಣ ಯಾರನ್ನೂ ಕೇಳದೆ ಹೋಗಿ ಸೇರಿದ. ಬರ್ಮಾ ಕಡೆಗೆ ಹಾಕಿದ್ದಾರೆ ಅಂತ ಗೊತ್ತಾಯಿತು. ಆ ವರ್ಷಗಳಲ್ಲಿ ಅಮ್ಮ ಒಂದು ಹಬ್ಬವನ್ನೂ ಸರಿಯಾಗಿ ಮಾಡಲಿಲ್ಲ, ಒಂದು ಹಬ್ಬವನ್ನೂ ಬಿಡಲೂ ಇಲ್ಲ.

ಯುದ್ಧ ಮುಗಿದ ಮಾರನೇ ವರ್ಷ, ಮಾವು ಹೂ ಬಿಟ್ಟ ಕಾಲದಲ್ಲಿ ಅಣ್ಣ ವಾಪಸು ಬಂದ. ನನ್ನನ್ನು ಆಗಲೇ ಶ್ರೀನಿವಾಸಪುರಕ್ಕೆ ಕೊಟ್ಟಾಗಿತ್ತು. ಸುದ್ದಿ ಕೇಳಿದವಳು ಗಂಡನನ್ನು ಎಳೆದುಕೊಂಡು ಮೊದಲ ಬಸ್ಸಿಗೇ ಬಂದೆ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿದ್ದ ಸೋದರಮಾವ ಅಲ್ಲಿಂದ ವಾಲಗದವರನ್ನೇ ಕರೆತಂದಿದ್ದ. ಬಾಗಿಲಲ್ಲಿ ಆರತಿ, ಕೊರಳಿಗೆ ಸೇವಂತಿಗೆ ಹಾರ. ಅಣ್ಣ ಸೊರಗಿದ್ದ, ಕಪ್ಪಾಗಿದ್ದ, ಎಲ್ಲರನ್ನೂ ನೋಡಿ ನಗುತ್ತಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲವೋ ಏನೋ. ಆದರೆ ಸಂಜೆಯಾಗುತ್ತಲೇ ಅಪ್ಪ, ಹೆಮ್ಮೆಯಿಂದ ಉಬ್ಬಿಹೋಗಿದ್ದ ಅಪ್ಪ, ಪಡಸಾಲೆಯಲ್ಲಿ ದೀಪ ಹಚ್ಚಿ, ತಾನು ದಿನಾ ಕೂರುವ ಮಣೆಯ ಮೇಲೆ, ವ್ಯಾಸಪೀಠದ ಹಿಂದೆ, ಅಣ್ಣನನ್ನು ಕೂರಿಸಿಬಿಟ್ಟ.

"ಇವತ್ತು ನಾನು ಓದಲ್ಲ. ನಮ್ ಹುಡುಗ ಕಣ್ಣಾರೆ ಕಂಡಿರೋ ಯುದ್ಧ ಹೇಳ್ತಾನೆ, ಕೇಳಿ" ಅಂದ.

ಅಣ್ಣ ಮೊದಮೊದಲು ಚೆನ್ನಾಗಿಯೇ ಹೇಳಿದ. ಹಡಗಿನಲ್ಲಿ ವಾಂತಿ ಮಾಡಿಕೊಂಡದ್ದು, ಡಬ್ಬಿಯಲ್ಲಿ ಬರುವ ಸಪ್ಪೆ ಊಟ, ರಾಗಿ ಕಾಣದೆ ಹೊಟ್ಟೆ ಕೆಟ್ಟದ್ದು. ಜನ ನಕ್ಕರು. ಆಮೇಲೆ ಕಾಡಿನ ದಾರಿ ಬಂತು, ಮಳೆ ಬಂತು, ಒಂದರ ಹಿಂದೆ ಒಂದು ಹೋಗುವ ಲಾರಿಗಳು ಬಂದವು. ಒಂದು ಹೊಳೆ ಬಂತು. "ನಮ್ ಮುಂದಿನ ಲಾರಿ..." ಅಂದವನು ಅಲ್ಲಿಗೇ ನಿಲ್ಲಿಸಿದ. ಸ್ವಲ್ಪ ಹೊತ್ತು ದೀಪ ನೋಡಿದ. "ನೀರು ಕುಡಿದು ಬರ್ತೀನಿ" ಎಂದು ಎದ್ದು ಹೊರಗೆ ಹೋದ.

ಮತ್ತೆ ಒಳಗೆ ಬರಲಿಲ್ಲ. ಜಗಲಿಯ ತುದಿಯ ಕಂಬಕ್ಕೆ ಒರಗಿ ಕೂತುಬಿಟ್ಟ. ಬೀದಿಯವರು ಕಾದರು. ಕಥೆ ಹೊಳೆಯ ಮಧ್ಯೆ ನಿಂತಿದೆ, ಮಂಗಳ ಹಾಡುವಂತಿಲ್ಲ, ಪ್ರಸಾದ ಕೊಡುವಂತಿಲ್ಲ. ಕೊನೆಗೆ ಒಬ್ಬೊಬ್ಬರೇ ಸುಮ್ಮನೆ ಎದ್ದು ಹೋದರು. ಅಮ್ಮ ಬೇಯಿಸಿದ್ದ ಕಡಲೆಕಾಳು ಹಾಗೇ ಉಳಿಯಿತು.

ಅವತ್ತಿನಿಂದ ಅಣ್ಣನ ಸಂಸಾರವೆಲ್ಲ ಜಗಲಿಯ ಮೇಲೆ. ಬೆಳಗ್ಗೆ ತೋಟಕ್ಕೆ ಹೋಗಿ ರೇಷ್ಮೆಹುಳುವಿಗೆ ಸೊಪ್ಪು ಕುಯ್ದು ತಂದು ಕುಕ್ಕೆಯನ್ನು ಬಾಗಿಲ ಹೊರಗೇ ಇಡುವನು. ಹೊಸ್ತಿಲು ದಾಟುತ್ತಿರಲಿಲ್ಲ. ಯಾರ ಮೇಲೂ ಕೋಪವಿರಲಿಲ್ಲ, ಕೇಳಿದ್ದಕ್ಕೆ ಒಂದೆರಡು ಮಾತು ಆಡುವನು, ಅಷ್ಟೆ. ಅಮ್ಮ ತಟ್ಟೆಯನ್ನು ಜಗಲಿಗೇ ಕೊಡುವಳು. ಮುದ್ದೆಯಲ್ಲಿ ಅರ್ಧ ಉಂಡು, ಇನ್ನರ್ಧವನ್ನು ತಟ್ಟೆಯ ಆಚೆ ಬದಿಗೆ ಸರಿಸಿ ಏಳುವನು. ದಿನಾ ಅದೇ ಅರ್ಧ. ಸಾರು ಕೆಟ್ಟಿದೆಯೇನೋ ಎಂದು ಅಮ್ಮ ಒಂದು ದಿನ ಹುರುಳಿಕಾಳು, ಒಂದು ದಿನ ಮಸ್ಸೊಪ್ಪು, ಒಂದು ದಿನ ಅವನಿಗೆ ಪ್ರಾಣವಾಗಿದ್ದ ಹಿತಕಿದವರೆ ಮಾಡಿ ನೋಡಿದಳು. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಯುವುದು ನಿಲ್ಲಲಿಲ್ಲ.

ಅಪ್ಪ ಪುರಾಣ ಓದುವುದನ್ನೇ ನಿಲ್ಲಿಸಿದ. ಆ ಪೀಠದ ಮೇಲೆ ಒಂದು ಕಥೆ ತೆರೆದುಕೊಂಡೇ ಇರುವಾಗ ಇನ್ನೊಂದನ್ನು ತೆರೆಯುವುದು ಹೇಗೆ? ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟ. ತಾನು ಕೂರಿಸಿದ ಜಾಗದಿಂದಲೇ ಮಗ ಎದ್ದು ಹೋದನೆಂಬುದು ಅವನಿಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳುವ ಜಾತಿಯ ಮನುಷ್ಯನಲ್ಲ. ಅಪ್ಪನೂ ಅಣ್ಣನೂ ಒಂದೇ ಜಗಲಿಯ ಎರಡು ತುದಿಗಳಲ್ಲಿ ಕೂತು, ಎದುರಿನ ಬೀದಿಯನ್ನು ನೋಡುತ್ತಾ ತಿಂಗಳುಗಟ್ಟಲೆ ಕಳೆದರು. ಇಬ್ಬರದೂ ಒಂದೇ ಮೂಗು, ಒಂದೇ ಹಟ.

ನಾನು ಮೊದಲ ಬಸುರಿಯಾಗಿ ಬಾಣಂತನಕ್ಕೆ ತೌರಿಗೆ ಬಂದಾಗ ಮನೆ ಹೀಗಿತ್ತು. ರಾಗಿ ಬಿತ್ತನೆ ಆಗಿ ಪೈರು ಮೊಣಕಾಲುದ್ದ ಬಂದಿತ್ತು. ಅಪ್ಪನ ಕಣ್ಣಿಗೆ ಪೊರೆ ಬರುತ್ತಿತ್ತು, ಬರೆಯುವುದು ಕಷ್ಟ, ಹಾಗಾಗಿ ನಾನು ಬಂದದ್ದೇ ತಡ ಕೈಗೆ ಪೆನ್ನು ಕೊಟ್ಟ. ಬಸುರಿಗೆ ಯಾರಾದರೂ ಹುಣಿಸೆಕಾಯಿ ಕೊಡುತ್ತಾರೆ, ನಮ್ಮಪ್ಪ ವಿಮರ್ಶೆ ಕೊಟ್ಟ.

ವಿಮರ್ಶೆ ರೇಡಿಯೋ ನಾಟಕದ್ದು. ಬೀದಿಯಲ್ಲಿ ರೇಡಿಯೋ ಇದ್ದದ್ದು ಎದುರು ಮನೆಯ ಜವಳಿ ಸಾಹುಕಾರರಲ್ಲಿ ಮಾತ್ರ. ಬಟ್ಟೆಗೆ ಕಂಟ್ರೋಲು ಬಂದು ಅಂಗಡಿಯಲ್ಲಿ ಮಾರುವುದಕ್ಕೆ ಏನೂ ಇಲ್ಲದೆ ಅವರು ದಿನವಿಡೀ ರೇಡಿಯೋ ತಿರುಗಿಸುತ್ತಾ ಕೂರುವರು. ಅದರ ತಂತಿಯ ಒಂದು ತುದಿಯನ್ನು ನಮ್ಮ ಹೊಂಗೆಮರಕ್ಕೆ ಕಟ್ಟಿದ್ದರಿಂದ ರೇಡಿಯೋದಲ್ಲಿ ನಮಗೂ ಹಕ್ಕಿದೆ ಎಂದು ಅಪ್ಪನ ವಾದ. ಸಾಹುಕಾರರು ಒಳ್ಳೆಯವರು, ಪೆಟ್ಟಿಗೆಯನ್ನು ಕಿಟಕಿಯಲ್ಲಿಟ್ಟು ಬೀದಿ ಕಡೆಗೆ ತಿರುಗಿಸುತ್ತಿದ್ದರು. ಅದನ್ನು ಕೇಳಲು ನಮ್ಮ ಜಗಲಿಗಿಂತ ಒಳ್ಳೆಯ ಜಾಗವಿರಲಿಲ್ಲ. ಆ ಪೆಟ್ಟಿಗೆಯಿಂದ ಗುರುವಾರ ಸಂಜೆ ಒಂದೊಂದು ಕಂತಾಗಿ ಒಂದು ನಾಟಕ ಬರತೊಡಗಿತು.

ನಾಟಕದ ಹೆಸರು ಮರೆತಿದ್ದೇನೆ. ಮುಂದೆ ಯಾವುದೋ ಕಾಲದಲ್ಲಿ ನಡೆಯುವ ಕಥೆ. ಮನುಷ್ಯರು ಆಕಾಶದಲ್ಲಿ ಹಡಗು ಹಾರಿಸುವುದನ್ನು ಕಲಿತು, ಶನಿಗ್ರಹದ ಮೇಲೆ ಊರು ಕಟ್ಟಿಕೊಂಡು, ಅಲ್ಲಿಯೂ ಜಗಳವಾಡಿ ಯುದ್ಧಕ್ಕೆ ನಿಂತಿದ್ದಾರೆ. ಎಷ್ಟೋ ಯುದ್ಧ ಗೆದ್ದ ದಂಡನಾಯಕನಿಗೆ ಈಗ ಗೆಲ್ಲುವುದೂ ಬೇಡವಾಗಿದೆ. ಬೆಳಕಿನ ಕತ್ತಿಯನ್ನು ಕೆಳಗಿಟ್ಟು, ಒಬ್ಬನೇ ಒಂದು ಹಡಗು ಹತ್ತಿ ಭೂಮಿಯ ಕಡೆಗೆ ಹೊರಟಿದ್ದಾನೆ. ಕಥೆ ಇಷ್ಟೆ. ಹಡಗಿನ ಸದ್ದು ಥೇಟ್ ಬೀಸುವ ಕಲ್ಲಿನದು. ಗುಡುಗಿಗೆ ಯಾರೋ ತಗಡು ಅಲ್ಲಾಡಿಸುತ್ತಾರೆಂದು ಅಪ್ಪ ಮೊದಲ ದಿನವೇ ಕಂಡುಹಿಡಿದ.

ನಮ್ಮ ಬೀದಿಯ ಹೆಂಗಸರಿಗೆ ಕಥೆಯಲ್ಲಿ ಒಂದು ಚೂರೂ ಆಶ್ಚರ್ಯ ಕಾಣಲಿಲ್ಲ. ಶನಿಯ ಮನೆಗೇ ಹೋಗಿ ಕೂತವನಿಗೆ ಸುಸ್ತಾಗದೆ ಇನ್ನೇನಾಗುತ್ತದೆ? ಏಳೂವರೆ ವರ್ಷ ಆಗಿದೆಯೋ ಇಲ್ಲವೋ ಅನ್ನುವುದೊಂದೇ ಅವರ ಪ್ರಶ್ನೆ. ಅಮ್ಮ ಶನಿವಾರ ದೇವಸ್ಥಾನಕ್ಕೆ ಎಳ್ಳೆಣ್ಣೆ ದೀಪ ಹಚ್ಚಲು ಹೊರಟಳು.

"ಯಾರಿಗಮ್ಮ?" ಅಂದೆ.

"ಆ ರೇಡಿಯೋದೋನಿಗೆ ಕಣೇ. ಪಾಪ, ಅವನಿಗೂ ತಾಯಿ ಇರ್ತಾಳಲ್ಲ" ಅಂದಳು.

ನಾನೂ ಜೊತೆಗೆ ಹೋದೆ. ಪೂಜಾರಿ ಯಾರ ನಕ್ಷತ್ರಕ್ಕೆ ಎಂದು ಕೇಳಿದಾಗ ಅಮ್ಮ ಅಣ್ಣನ ನಕ್ಷತ್ರ ಹೇಳಿದಳು. ನನಗೆ ದುಃಖ ಒತ್ತರಿಸಿಕೊಂಡು ಬಂತು. ಅಳಬಾರದೆಂದು ದೀಪಗಳ ಹೊಗೆಯನ್ನು ಬೈದುಕೊಂಡು ಹೊರಗೆ ಬಂದೆ.

ಮೊದಲ ಕಂತು ಆದ ಮಾರನೇ ಬೆಳಗ್ಗೆ, ಶಾಲೆಗೆ ಹೋಗುವ ಮುಂಚೆ, ಅಪ್ಪ ಜಗಲಿಯಲ್ಲಿ ಕೂತು ಹೇಳತೊಡಗಿದ. ನಾನು ಹೊಟ್ಟೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೆ. "ವೀರನೆಂದ ಮೇಲೆ ಅವನಿಗೆ ದಣಿವು ಎಲ್ಲಿಂದ ಬಂತು? ಗೆದ್ದವನು ಕತ್ತಿ ಕೆಳಗಿಡುವುದು ನಮ್ಮ ಪರಂಪರೆಯಲ್ಲಿಲ್ಲ. ನಾಟಕಕಾರರು ವೀರರಸವನ್ನು ದೂರದಿಂದಲೂ ಕಂಡವರಲ್ಲ..."

"ಯಾಕೆ ದಣಿಬಾರದು?"

ಕಂಬದ ಕಡೆಯಿಂದ ಬಂದ ಮಾತು. ಬೀದಿ ನೋಡುತ್ತಲೇ ಅಂದಿದ್ದ ಅಣ್ಣ. ನನ್ನ ಪೆನ್ನು ನಿಂತಿತು. ಅಪ್ಪನೂ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತು ಕೆಮ್ಮಿ, "ಮತ್ತೆ ಏನಂತ ಬರೆಸಲಿ?" ಎಂದು ಬೀದಿಯನ್ನೇ ಕೇಳಿದ.

"ದಣಿವು ಸರಿಯಾಗಿದೆ. ಆದ್ರೆ ಅವನು ಜಾಸ್ತಿ ಮಾತಾಡ್ತಾನೆ. ದಣಿದೋನು ಅಷ್ಟು ಮಾತಾಡಲ್ಲ ಅಂತ ಬರೆಸು."

ಅಪ್ಪ "ಮೊದಲಿಂದು ಹೊಡೆದು ಹಾಕು" ಎಂದು ನನಗೆ ಹೇಳಿದ. ಅಪ್ಪ ತಾನು ಬರೆಸಿದ್ದನ್ನು ಹೊಡೆದು ಹಾಕಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ವಾರದ ಪತ್ರಿಕೆಯಲ್ಲಿ ಬಂದದ್ದು ಅಣ್ಣನ ಮಾತೇ. ಮೇಷ್ಟ್ರಿಗೆ ವಯಸ್ಸಾಯಿತು, ಮೆತ್ತಗಾದರು ಎಂದು ಕೋಲಾರದಲ್ಲಿ ಮಾತಾಡಿಕೊಂಡರಂತೆ.

ಅಲ್ಲಿಂದ ಶುಕ್ರವಾರದ ಬೆಳಗ್ಗೆಗಳು ಶುರುವಾದವು. ಅಪ್ಪ ಒಂದು ಹೇಳುವುದು, ಕಂಬ ಇನ್ನೊಂದು ಹೇಳುವುದು, ನಾನು ಮಧ್ಯೆ ಕೂತು ಹೊಡೆದು ಬರೆಯುವುದು. ಶತ್ರುಗಳ ಹಡಗು ಒಡೆಯುವ ಸದ್ದು ಚೆನ್ನಾಗಿತ್ತು ಎಂದು ಅಪ್ಪ ಅಂದರೆ, "ಸದ್ದು ಇರ್ತದೆ. ಅದು ನಿಂತ ಮೇಲೆ ಕಿವೀಲಿ ಬೇರೆ ಒಂದು ಇರ್ತದೆ, ಅದನ್ನ ಅವರು ಹಾಕಿಲ್ಲ" ಎಂದು ಅಣ್ಣ. ದಂಡನಾಯಕನಿಗೆ ಕನಸಿನಲ್ಲಿ ಹೆಂಡತಿ ಕಾಣಿಸುವ ದೃಶ್ಯ ಹೃದಯಂಗಮ ಎಂದು ಅಪ್ಪ ಅಂದರೆ, "ಕನಸಿನಲ್ಲಿ ಊಟ ಕಾಣ್ತದೆ ಕಣಪ್ಪ" ಎಂದು ಅಣ್ಣ. ನಾನು ನಕ್ಕುಬಿಟ್ಟೆ. ಅಣ್ಣನೂ ನಕ್ಕ. ಒಳಗೆ ಪಾತ್ರೆ ತೊಳೆಯುತ್ತಿದ್ದ ಅಮ್ಮನ ಕೈ ನಿಂತದ್ದು ನನಗೆ ಕೇಳಿಸಿತು.

ತಮ್ಮ ಯುದ್ಧದ ಬಗ್ಗೆ ಒಂದು ಅಕ್ಷರವನ್ನೂ ಆಡಲಾಗದ ಇಬ್ಬರು ಗಂಡಸರು ಶನಿಗ್ರಹದ ಯುದ್ಧವನ್ನು ಎಷ್ಟು ಬೇಕಾದರೂ ಚರ್ಚೆ ಮಾಡುತ್ತಿದ್ದರು. ಅಪ್ಪ "ಅವನು" ಅಂದಾಗ ಅವನ ಮನಸ್ಸಿನಲ್ಲಿ ಅಣ್ಣನೇ ಇರುತ್ತಿದ್ದ, ಅದು ಅಣ್ಣನಿಗೂ ಗೊತ್ತಿತ್ತು. ಗೊತ್ತಿದ್ದೂ ಇಬ್ಬರೂ ಗಂಭೀರವಾಗಿ ನಾಟಕದ ಗುಣದೋಷ ಹೇಳುವರು. ನನಗೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. ಹಲಗೆ ಎಸೆದು, ಒಬ್ಬರನ್ನೊಬ್ಬರು ನೋಡಿಯಾದರೂ ಮಾತಾಡಿ ಮಾರಾಯರೇ ಅನ್ನಬೇಕು ಅನ್ನಿಸುವುದು. ಅನ್ನಲಿಲ್ಲ, ಸದ್ಯ.

ಆದರೂ ಮುದ್ದೆ ಅರ್ಧ ಉಳಿಯುತ್ತಲೇ ಇತ್ತು. ಹೊಸ್ತಿಲು ಹೊಸ್ತಿಲಾಗಿಯೇ ಇತ್ತು. ನನ್ನ ದಿನ ಹತ್ತಿರ ಬರುತ್ತಿತ್ತು. ಹುಟ್ಟುವ ಮಗುವನ್ನು ನೋಡಲೂ ಅಣ್ಣ ಬಾಗಿಲಾಚೆಯೇ ನಿಲ್ಲುತ್ತಾನೇನೋ ಎಂದು ನಾನು ಒಳಗೊಳಗೇ ಹೆದರಿದ್ದೆ.

ಕೊನೆಯ ಕಂತಿನ ವಾರ ರೇಡಿಯೋದ ಬ್ಯಾಟರಿ ಕೈಕೊಟ್ಟಿತು. ಚಾರ್ಜಿಗೆ ಕೋಲಾರಕ್ಕೇ ಕಳಿಸಬೇಕು, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಆ ಬಸ್ಸುಗಳು ದಾರಿಯಲ್ಲಿ ಎಲ್ಲಿ ನಿಲ್ಲುತ್ತವೋ ಹೇಳುವಂತಿಲ್ಲ. ಸಾಹುಕಾರರು ಯಾರನ್ನು ಕಳಿಸುವುದೆಂದು ಬೀದಿಯಲ್ಲಿ ನಿಂತು ಯೋಚಿಸುತ್ತಿದ್ದಾಗ ಅಣ್ಣ ಎದ್ದು ಹೋಗಿ, "ಕೊಡಿ ಸಾಹುಕಾರ್ರೇ, ನಾನು ತರ್ತೀನಿ" ಅಂದ. ಯುದ್ಧದಿಂದ ವಾಪಸು ಬಂದ ಮೇಲೆ ಅವನು ಒಂದು ಬಂಡಿಯನ್ನೂ ಹತ್ತಿರಲಿಲ್ಲ. ಹೋದವನು ಗುರುವಾರ ಮಧ್ಯಾಹ್ನ ಬ್ಯಾಟರಿಯನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಇಳಿದ. ಅವನ ಹಳೆಯ ಗುರುವೇ ಬಸ್ಸಿನ ಡ್ರೈವರು. ಸ್ಟೀರಿಂಗ್ ಹಿಡೀತೀಯೇನ್ಲಾ ಎಂದು ಕೇಳಿದರೆ ಬೇಡ ಅಂದನಂತೆ, ಹಿಂದಿನ ಸೀಟಿನಲ್ಲಿ ಕೂತು ಬಂದನಂತೆ.

ಅವತ್ತು ಸಂಜೆ ಇಡೀ ಬೀದಿ ನಮ್ಮ ಜಗಲಿಯ ಮೇಲೆ, ಕೆಳಗೆ, ಹೊಂಗೆಮರದ ಬುಡದಲ್ಲಿ. ಬಸುರಿ ಹೊರಗೆ ಕೂತು ಯುದ್ಧದ ಕಥೆ ಕೇಳಬಾರದೆಂದು ಅಮ್ಮ ನನ್ನನ್ನು ಒಳಗೆ ಕರೆದಳು. ಇಷ್ಟು ದಿನ ಬರೆದವಳು ಕೊನೆ ಕೇಳದೆ ಏಳಲ್ಲ ಎಂದೆ. ನಾಟಕದಲ್ಲಿ ದಂಡನಾಯಕನ ಹಡಗು ಭೂಮಿಯ ಹತ್ತಿರ ಬಂತು. ಅವನಿಗೆ ನದಿಗಳು ಕಂಡವು, ಹೊಲಗಳು ಕಂಡವು. ಕೆಳಗಿನಿಂದ ಜನ ಕೂಗಿದರು, ಕಹಳೆ ಊದಿದರು, ನಿನಗಾಗಿ ಹೂವಿನ ಚಪ್ಪರ ಹಾಕಿದ್ದೇವೆ, ಇಳಿದು ಬಾ ಎಂದರು. ಹಡಗು ಸುತ್ತು ಹಾಕಿತು. ಇನ್ನೊಂದು ಸುತ್ತು ಹಾಕಿತು. ಬೀಸುವ ಕಲ್ಲಿನ ಸದ್ದು ಮಾತ್ರ ತಿರುಗುತ್ತಾ ತಿರುಗುತ್ತಾ ಸಣ್ಣಗಾಯಿತು. ನಾಟಕ ಮುಗಿಯಿತೆಂದು ರೇಡಿಯೋದಲ್ಲಿ ಒಬ್ಬರು ಹೇಳಿದರು.

ಸಾಹುಕಾರರು ಗುಂಡಿ ತಿರುಗಿಸಿ ಆರಿಸಿದರು. ಯಾರೂ ಏಳಲಿಲ್ಲ.

ಸಾಹುಕಾರರ ತಾಯಿ ತೆಲುಗಿನವರು. "ಐಪೋಯಿಂದಾ ಮೇಷ್ಟ್ರೇ? ಇಷ್ಟೇನಾ ಕಥೆ? ಅವನು ಇಳೀಲೇ ಇಲ್ಲವಲ್ಲ" ಅಂದರು. ಉಳಿದವರೆಲ್ಲ ಅಪ್ಪನ ಮುಖ ನೋಡಿದರು. ಕಥೆ ಮುಗಿಸಿ ಕಳಿಸುವುದು ಅವರ ಲೆಕ್ಕದಲ್ಲಿ ಅಪ್ಪನ ಕೆಲಸ, ಕಥೆ ಪುಸ್ತಕದಿಂದ ಬರಲಿ, ಪೆಟ್ಟಿಗೆಯಿಂದ ಬರಲಿ.

ಅಪ್ಪ ಎದ್ದು ನಿಂತ. ಓದುವಾಗಿನ ಆ ದನಿಯನ್ನು ನಾನು ಕೇಳಿ ಎಷ್ಟು ಕಾಲವಾಗಿತ್ತೋ. "ಆಗ ಆ ವೀರನು," ಎಂದು ಶುರು ಮಾಡಿದ, "ತನ್ನ ಜನರ ಕರೆಯನ್ನು ಕೇಳಿ, ಹೂವಿನ ಚಪ್ಪರದ ಮುಂದೆ ಹಡಗನ್ನು ಇಳಿಸಿದನು. ವಾದ್ಯಗಳು ಮೊಳಗಿದವು..."

"ಇಳಿಯಲ್ಲಪ್ಪ" ಅಂದ ಅಣ್ಣ.

ಅಪ್ಪ ಈ ಸಲ ಬೀದಿಯನ್ನು ನೋಡಲಿಲ್ಲ. ಕಂಬದ ಕಡೆಗೇ ತಿರುಗಿದ. "ಯಾಕೋ? ವಾದ್ಯ ಬೇಡ್ವಾ? ತೆಗೆದುಹಾಕ್ತೀನಿ" ಅಂದ. ಆ ದನಿಯಲ್ಲಿ ವಿಮರ್ಶಕ ಇರಲಿಲ್ಲ.

"ವಾದ್ಯದ ಮಾತಲ್ಲ. ಅವನ ಜೊತೆ ಹೋದೋರು ಇಳಿದಿಲ್ಲವಲ್ಲ. ಒಬ್ಬನೇ ಹೆಂಗೆ ಇಳೀತಾನೆ?"

ಅಪ್ಪ ಹೋಗಿ ಅವನ ಪಕ್ಕದಲ್ಲಿ ಕೂತ. ಏನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಒಳ್ಳೆಯದಾಯಿತು. ಅಣ್ಣ ತಾನಾಗಿಯೇ, ಬೀದಿಯವರೆಲ್ಲ ಇದ್ದಾರೆಂಬುದನ್ನು ಮರೆತವನ ಹಾಗೆ, ಮೆಲ್ಲಗೆ ಹೇಳಿದ. "ನಂದು ಹಿಂದಿನ ಲಾರಿ. ಮುಂದಿಂದರಲ್ಲಿ ನಮ್ ಹುಡುಗರು. ಮಾಲೂರಿನೋನೂ ಒಬ್ಬ ಇದ್ದ. ಹೊಳೆ ಮೇಲೆ ಮರದ ಸೇತುವೆ. ಅವರು ಮಧ್ಯಕ್ಕೆ ಹೋದಾಗ ಅದು ಹೋಯ್ತು. ನನಗೆ ಮೇಲಿನೋರು, ನಿಲ್ಲಬೇಡ, ಕೆಳಗೆ ನೀರಲ್ಲಿ ಇಳಿಸ್ಕೊಂಡು ದಾಟು ಅಂದ್ರು. ದಾಟಿದೆ. ಅವತ್ತು ಬೆಳಗ್ಗೆ ನಾವೆಲ್ಲ ಒಂದೇ ತಟ್ಟೇಲಿ ಉಂಡಿದ್ವಿ ಕಣಪ್ಪ. ಸಾಯಂಕಾಲ ನನಗೊಬ್ಬನಿಗೇ ತಟ್ಟೆ ಕೊಟ್ರು."

ಅಪ್ಪನ ಕೈ ಅಣ್ಣನ ಬೆನ್ನ ಮೇಲಿತ್ತು. ಜೀವಮಾನವಿಡೀ ಎಲ್ಲರ ಕಥೆಗಳನ್ನೂ ಮುಗಿಸಿದ ಮನುಷ್ಯನಿಗೆ ಆಗ ಒಂದು ಮಾತೂ ಹೊಳೆಯಲಿಲ್ಲ.

ಅಷ್ಟರಲ್ಲಿ ಒಳಗೆ ಸೌದೆ ಸರಿಸಿದ ಸದ್ದಾಯಿತು, ಪಾತ್ರೆ ಇಳಿಸಿದ ಸದ್ದಾಯಿತು. ಅಮ್ಮ ಬಾಗಿಲಿಗೆ ಬಂದಳು. ಅವಳ ಕೈಯಲ್ಲಿ ಮುತ್ತುಗದ ಎಲೆಗಳಿದ್ದವು. ಪಡಸಾಲೆಯಲ್ಲಿ, ವ್ಯಾಸಪೀಠ ಇಡುವ ಜಾಗದಲ್ಲೇ, ಎರಡು ಎಲೆ ಹಾಕಿದಳು, ಪಕ್ಕಪಕ್ಕದಲ್ಲಿ. ಒಂದರ ಮುಂದೆ ದೀಪ ಇಟ್ಟಳು. ಸತ್ತವರಿಗೆ ಪಿತೃಪಕ್ಷದಲ್ಲಿ ಎಡೆ ಇಡುವ ಹಾಗೆ.

"ಪಕ್ಷ ಇನ್ನೂ ಬಂದಿಲ್ಲವಲ್ಲೇ" ಎಂದ ಅಪ್ಪ, ಶಾಸ್ತ್ರ ಬಿಡದ ಮೇಷ್ಟ್ರು.

"ಹಸಿದಿರೋರು ಪಕ್ಷ ನೋಡ್ತಾರಾ? ನೀವು ಸುಮ್ನಿರಿ" ಎಂದಳು. ಆಮೇಲೆ ಅಣ್ಣನಿಗೆ ಹೇಳಿದಳು. "ದಿನಾ ಅರ್ಧ ಮುದ್ದೆ ಯಾರಿಗೆ ಎತ್ತಿಡ್ತಿದ್ದೆ ಅಂತ ನನಗೆ ಗೊತ್ತಾಗಲಿಲ್ಲ ಕಣಪ್ಪ. ಇನ್ಮೇಲೆ ನಾನೇ ಹಾಕ್ತೀನಿ. ಬಾ, ಅವರನ್ನೂ ಕರ್ಕೊಂಡು ಬಾ. ರಾ ನಾಯನಾ."

ಅಮ್ಮ ಅಣ್ಣನೊಂದಿಗೆ ತೆಲುಗು ಆಡುತ್ತಿದ್ದದ್ದು ಅವನು ತೀರಾ ಚಿಕ್ಕವನಿದ್ದಾಗ ಮಾತ್ರ, ಜ್ವರ ಬಂದಾಗ, ಬಿದ್ದು ಬಂದಾಗ.

ಅಣ್ಣ ಎದ್ದ. ಜಗಲಿಯ ಕೆಳಗಿನ ಹಂಡೆಯ ಹತ್ತಿರ ಹೋಗಿ ಕಾಲು ತೊಳೆದ. ತೊಳೆಯುತ್ತಲೇ ಇದ್ದ. ಹೊಸ್ತಿಲ ಹತ್ತಿರ ಬಂದು ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಬರುವವರಿಗೆ ದಾರಿ ಬಿಡುವ ಹಾಗೆ ಸ್ವಲ್ಪ ಪಕ್ಕಕ್ಕೆ ನಿಂತ. ಇದನ್ನು ನಾನೇ ಕಲ್ಪಿಸಿಕೊಂಡೆ ಎಂದು ನನ್ನ ಗಂಡ ಕೊನೆಯವರೆಗೂ ವಾದಿಸುತ್ತಿದ್ದರು. ಅವರು ಅಲ್ಲಿರಲಿಲ್ಲ, ನಾನಿದ್ದೆ. ಆಮೇಲೆ ಅಣ್ಣ ಒಳಗೆ ಹೋಗಿ ಎಲೆಯ ಮುಂದೆ ಕೂತ. ಅಮ್ಮ ಮೊದಲು ದೀಪದ ಎಲೆಗೆ ಮುದ್ದೆ ಇಟ್ಟು ಸಾರು ಬಿಟ್ಟಳು, ಆಮೇಲೆ ಅವನ ಎಲೆಗೆ.

ಅಪ್ಪ ಬಾಗಿಲಲ್ಲೇ ನಿಂತು ಮಂಗಳ ಹಾಡಿದ. ದನಿ ಎರಡು ಕಡೆ ಒಡೆಯಿತು. ಬೇರೆ ಯಾರಾದರೂ ಹಾಗೆ ಹಾಡಿದ್ದರೆ ಅವರ ಕಥೆ ಮುಂದಿನ ವಾರ ಪತ್ರಿಕೆಯಲ್ಲಿ ಮುಗಿಯುತ್ತಿತ್ತು. ಬೀದಿಯವರು ಕೈಮುಗಿದು ಎದ್ದರು. ಕಡಲೆಕಾಳು ಬೇಯಿಸಿರಲಿಲ್ಲ, ಸಾಹುಕಾರರ ತಾಯಿ ಮನೆಯಿಂದ ಬೆಲ್ಲ ತರಿಸಿ ಎಲ್ಲರ ಕೈಗೂ ಇಷ್ಟಿಷ್ಟು ಹಾಕಿದರು. ನಾನು ಗೋಡೆಗೆ ಒರಗಿಕೊಂಡು ಜೋರಾಗಿಯೇ ಅತ್ತೆ. ಹೊಟ್ಟೆಯಲ್ಲಿದ್ದದ್ದು ಒದೆಯಿತು.

ಮಾರನೇ ಬೆಳಗ್ಗೆ ಶುಕ್ರವಾರ. ಅಪ್ಪ ಎಂದಿನಂತೆ ಜಗಲಿಯ ಮೇಲೆ ಕೂತ, ನಾನು ಹಲಗೆ ತೆಗೆದುಕೊಂಡೆ. ಕೊನೆಯ ಕಂತಿನ ಮೇಲೆ ಬೇಕಾದಷ್ಟು ಸಿಟ್ಟು ಅವನಲ್ಲಿ ಇನ್ನೂ ಇತ್ತು, ನನಗೆ ಗೊತ್ತು. ವೀರನನ್ನು ಆಕಾಶದಲ್ಲಿ ತಿರುಗಲು ಬಿಟ್ಟು ಎದ್ದುಹೋದ ನಾಟಕಕಾರನನ್ನು ಸುಮ್ಮನೆ ಬಿಡುವ ಆಸಾಮಿಯಲ್ಲ. ಒಂದೆರಡು ಸಲ ಗಂಟಲು ಸರಿಮಾಡಿಕೊಂಡ. ಆಮೇಲೆ ರೂಢಿಯ ಮೇಲೆ ಕಂಬದ ಕಡೆಗೆ ತಿರುಗಿ, "ಏನಂತ ಬರೆಸಲಿ?" ಎಂದು ಕೇಳಿದ.

ಕಂಬದ ಹತ್ತಿರ ಯಾರೂ ಇರಲಿಲ್ಲ.

ಉತ್ತರ ಮನೆಯ ಒಳಗಿನಿಂದ ಬಂತು, ಬಾಯಲ್ಲಿ ತುತ್ತು ಇಟ್ಟುಕೊಂಡವನ ದನಿಯಲ್ಲಿ. "ಚೆನ್ನಾಗಿತ್ತು ಅಂತ ಬರೆಸಪ್ಪ. ಉಣ್ತಾ ಇದೀನಿ, ಆಮೇಲೆ ಬರ್ತೀನಿ."

ಅಪ್ಪ ಪಂಚೆಯ ಅಂಚಿನಿಂದ ಕನ್ನಡಕ ಒರೆಸಿಕೊಂಡ. ನಾನೇ ಬರೆದೆ, ಚೆನ್ನಾಗಿತ್ತು ಅಂತ.